ಪಂಜಾದ ಸುತ್ತ ಹನ್ನೊಂದು ಮುಖ

ಜೂನ್ 12, 2025, ಗುರುವಾರ, ರಾತ್ರಿ

ಮುದಗಲ್ ಬಸ್ ಸ್ಟ್ಯಾಂಡಿನ ಗೋಡೆಗೆ ಹೊಸ ಪೋಸ್ಟರ್ ಬಿದ್ದಿದೆ. ಮೊಹರಂ ಪದಗಳ ಆಲ್ಬಂ. ಚಂದ್ರ ಕಾಣಲು ಇನ್ನೂ ಎರಡು ವಾರ ಇದೆ. ಬೆಳಿಗ್ಗೆ ನನ್ನ ಜೆರಾಕ್ಸ್ ಅಂಗಡಿಗೆ ಹೋಗುವಾಗ ಕಂಡಿತು. ಮಧ್ಯಾಹ್ನ ಊಟಕ್ಕೆ ಬರುವಾಗ ನಿಂತು ನೋಡಿದೆ. ಸಂಜೆ ಫೋನಿನಲ್ಲಿ ಫೋಟೊ ತೆಗೆದುಕೊಂಡೆ.

ಕಣ್ಣು ಮೊದಲು ಹೋಗುವುದು ನಡುವಿನ ಪಂಜಾಕ್ಕೆ. ಬೆಳ್ಳಿ ಹಸ್ತ, ಹಿಂದೆ ಕಿರಣ, ಕೆಳಗೆ ಬೆಂಕಿ. ಅದು ಸರಿ. ಆಮೇಲೆ ಬಲಗಡೆ ಮೇಲಿನ ದೊಡ್ಡ ಮುಖಕ್ಕೆ. ಬಿಳಿ ಅಂಗಿ, ಮುಗಿದ ಕೈ. ಅವರು ಹಾಡಿದವರಲ್ಲ. ಅಲ್ಲಿಂದ ಎಡಕ್ಕೆ, ಇನ್ನೊಂದು ಮುಖ. ಅವರೂ ಹಾಡಿದವರಲ್ಲ. ಪಂಜಾದ ಸುತ್ತ ಹನ್ನೊಂದು ಮುಖ ಇವೆ, ಎಲ್ಲ ಶುಭ ಕೋರುವವರದ್ದೇ.

ನಮ್ಮ ಓಣಿಯ ಕಾಕಾ ಈ ಪದ ಹಾಡಿದ ಮೇಳದ ಮುಂದಾಳು. ಆಲ್ಬಂನ ಮುಖ್ಯ ದನಿ ಅವರದು. ಪೋಸ್ಟರಿನಲ್ಲಿ ಅವರನ್ನು ಹುಡುಕಬೇಕಾಯಿತು.

ಜೂನ್ 13, ಶುಕ್ರವಾರ

ಕಾಕಾನ ಮನೆಯಿಂದ ಒಂದು ಪ್ರತಿ ತಂದೆ. ಅಂಗಡಿ ಬಾಗಿಲು ಹಾಕಿದ ಮೇಲೆ ನೆಲದ ಮೇಲೆ ಹಾಸಿ ಸ್ಕೇಲ್ ಇಟ್ಟೆ.

ಅಗಲ 18 ಇಂಚು, ಎತ್ತರ 24. ಒಟ್ಟು 432 ಚದರ ಇಂಚು. ಪಂಜಾ ಮತ್ತು ಅದರ ಕಿರಣಗಳಿಗೆ ಸುಮಾರು ನೂರು. ಹನ್ನೊಂದು ಮುಖಗಳಿಗೆ ಅದಕ್ಕಿಂತ ಹೆಚ್ಚು. ಆಲ್ಬಂ ಹೆಸರಿಗೆ ಅರವತ್ತು. ಹಾಡಿದ ನಾಲ್ವರಿಗೆ ಕೂಡಿಸಿ ಆರು. ಹಲಗಿ ಬಾರಿಸಿದವನ ಫೋಟೊ ಇಲ್ಲ, ಹೆಸರೂ ಇಲ್ಲ. ಪದ ಕಟ್ಟಿದ ಕವಿಯ ಹೆಸರೂ ಇಲ್ಲ.

ಅಕ್ಷರ ನೋಡಿದೆ. ದೊಡ್ಡದಾಗಿ ‘ಕರ್ಬಲಾ’. ಬಿಳಿ ಅಕ್ಷರಕ್ಕೆ ಕಪ್ಪು ಅಂಚು, ಅದರಾಚೆ ಹಳದಿ ಅಂಚು, ಅದರಾಚೆ ನೆರಳು. ಇಷ್ಟು ದಪ್ಪ ಆದ ಮೇಲೆ ಅರ್ಕಾವತ್ತು ಪಕ್ಕದ ‘ಲಾ’ಕ್ಕೆ ಅಂಟಿಕೊಂಡಿದೆ. ದೂರದಿಂದ ಓದಲು ಬರುವುದಿಲ್ಲ. ಅದರ ಕೆಳಗಿನ ಸಾಲಿನಲ್ಲಿ ‘ಹುತಾತ್ಮರ’. ‘ತ್ಮ’ದ ಒತ್ತು ಇನ್ನೂ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದೆ. ಕನ್ನಡದ ಅಕ್ಷರ ಸಾಲಿನ ಕೆಳಗೂ ಬೆಳೆಯುತ್ತದೆ. ಎರಡು ಸಾಲಿನ ನಡುವೆ ಜಾಗ ಬಿಡಲೇಬೇಕು. ಇಲ್ಲಿ ಜಾಗ ಉಳಿಯಲಿಲ್ಲ, ಮುಖಗಳು ತಿಂದುಬಿಟ್ಟಿವೆ.

ಬಣ್ಣ: ಹಳದಿಯಿಂದ ಕೆಂಪಿಗೆ ಇಳಿಯುವ ಹಿನ್ನೆಲೆ. ಜಾತ್ರೆ, ಮದುವೆ, ಹುಟ್ಟುಹಬ್ಬದ ಪೋಸ್ಟರಿಗೆ ನಾನೂ ದಿನಾ ಹಾಕುವ ಬಣ್ಣ. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ನೀರಿಲ್ಲದೆ ಸತ್ತವರ ಪದ ಇದು. ಅದಕ್ಕೂ ಇದೇ ಬಣ್ಣವೇ?

ಸಿಟ್ಟು ಬಂದಿದೆ. ಯಾರ ಮೇಲೆ ಗೊತ್ತಾಗುತ್ತಿಲ್ಲ.

ಜೂನ್ 15, ಭಾನುವಾರ

ಅವ್ವನ ಟ್ರಂಕಿನಲ್ಲಿ ಹಳೆಯ ಕ್ಯಾಸೆಟ್‌ಗಳಿವೆ. ತತ್ವಪದ, ಭಜನೆ, ದೊಡ್ಡಾಟ, ಎರಡು ಮೊಹರಂ ಪದಗಳವು. ಟೇಪ್ ರೆಕಾರ್ಡರ್ ಇಲ್ಲ. ಡಬ್ಬಿಯೊಳಗಿನ ಕಾರ್ಡು ಮಾತ್ರ ನೋಡಬಹುದು.

ಕಾರ್ಡಿನಲ್ಲಿ ಕೆಂಪೂ ಹಳದಿಯೂ ಹಾರಿಹೋಗಿವೆ, ನೀಲಿ ಉಳಿದಿದೆ. ಮುಂಭಾಗ ಹತ್ತು ಸೆಂಟಿಮೀಟರ್ ಎತ್ತರ, ಆರೂವರೆ ಅಗಲ. ಇಷ್ಟರಲ್ಲಿ ಒಂದು ಪಂಜಾ, ಪಕ್ಕದಲ್ಲಿ ದುಂಡಗೆ ಕತ್ತರಿಸಿದ ಹಾಡುಗಾರನ ಫೋಟೊ, ಮೇಲೆ ಹೆಸರು. ಬೆನ್ನಿನ ಸಣ್ಣ ಪಟ್ಟಿಯಲ್ಲಿ ಊರ ಹೆಸರು. ಒಳಗೆ ಪದಗಳ ಪಟ್ಟಿ, ಕವಿಯ ಹೆಸರು, ವಾದ್ಯದವರ ಹೆಸರು. ಮಾಡಿದವನು ಎಲ್ಲೂ ಚಿತ್ರಕಲೆ ಓದಿರಲಿಕ್ಕಿಲ್ಲ. ಜಾಗ ಕಡಿಮೆ ಇತ್ತು, ಬೇಕಾದದ್ದು ಯಾವುದು ಅಂತ ಆರಿಸಲೇಬೇಕಾಯಿತು. ಆರಿಸಿದ್ದು ಸರಿಯಾಗಿದೆ.

ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂದಿತು. ಕನ್ನಡದಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ ಬಂದದ್ದು 1978ರಲ್ಲಿ. ಆಮೇಲೆ ಅಗ್ಗದ ಕ್ಯಾಸೆಟ್‌ಗಳು ಪಾನ್ ಅಂಗಡಿ, ಕಿರಾಣಿ ಅಂಗಡಿಗೆಲ್ಲ ಬಂದವು. ಆ ಕಾಲದ ಜಾಹೀರಾತು ಅಂದರೆ ಈ ಕಾರ್ಡೇ. ಅಂಗಡಿಯ ಗಾಜಿನ ಹಿಂದೆ ಸಾಲಾಗಿ ನಿಲ್ಲಿಸಿರುತ್ತಿದ್ದರು. ಅವ್ವ ಓದಲು ಬಾರದವಳು. ಕಾರ್ಡಿನ ಮುಖ ನೋಡಿ ಇಂಥವರ ಪದ ಕೊಡ್ರಿ ಅಂತ ಕೇಳುತ್ತಿದ್ದಳಂತೆ. ಇವತ್ತಿನ ಪೋಸ್ಟರ್ ತೋರಿಸಿದೆ. ಬಹಳ ಹೊತ್ತು ನೋಡಿ, “ಹಾಡಾವ್ರು ಯಾರವಾ ಇದರಾಗ?” ಅಂದಳು.

ರಾತ್ರಿ 11

ಯಂತ್ರದ ಮುಂದೆ ಕೂತು ಕೇಳುವ ಎಚ್‌ಎಂವಿ ರೆಕಾರ್ಡಿನ ನಾಯಿಯ ಬಗ್ಗೆ ಯೋಚಿಸುತ್ತಿದ್ದೇನೆ. ಫ್ರಾನ್ಸಿಸ್ ಬರೋ ಬರೆದ ಚಿತ್ರ, ಗ್ರಾಮಫೋನ್ ಕಂಪನಿ 1899ರಲ್ಲಿ ಕೊಂಡದ್ದು. ಅವನು ಮೊದಲು ಬರೆದದ್ದು ಬೇರೆ ಯಂತ್ರ. ಕೊಳ್ಳುವವರು ತಮ್ಮ ಗ್ರಾಮಫೋನ್ ಬರೆದು ಕೊಡಬೇಕೆಂದರು, ಅದರ ಮೇಲೆಯೇ ಬಣ್ಣ ಹಚ್ಚಿ ತಿದ್ದಿದ. ಕಲಬುರಗಿಯ ಕಾಲೇಜಿನಲ್ಲಿ ಇದನ್ನು ವ್ಯಾಪಾರದ ಗುರುತು ಅಂತ ಓದಿದ್ದೆ. ಈಗ ಬೇರೆಯದೇ ಕಾಣುತ್ತಿದೆ. ಆ ಚಿತ್ರದಲ್ಲಿ ಹಾಡುವವರಿಲ್ಲ, ರೊಕ್ಕ ಹಾಕಿದವರೂ ಇಲ್ಲ. ಕೇಳುವ ಜೀವ ಒಂದೇ ಇದೆ, ಕಿವಿ ಅತ್ತ ಮಾಡಿ ಕೂತದ್ದು. ದನಿಯನ್ನು ಚಿತ್ರದಲ್ಲಿ ತೋರಿಸಲಾಗದು. ಕೇಳುವವರನ್ನು ತೋರಿಸಬಹುದು.

ನಮ್ಮ ಪದ ಕೇಳುವವರು ಹೇಗೆ ಕಾಣುತ್ತಾರೆ?

ಜೂನ್ 17, ಮಂಗಳವಾರ

ಕಾಕಾ ಅಂಗಡಿಗೆ ಬಂದಿದ್ದರು, ಆಧಾರ್ ಜೆರಾಕ್ಸಿಗೆ. ಕೇಳಿಯೇಬಿಟ್ಟೆ.

“ಕಾಕಾ, ನಿಮ್ಮ ಮಾರಿ ಯಾಕ ಇಷ್ಟು ಸಣ್ಣದ ಹಾಕ್ಯಾರ?”

“ರೊಕ್ಕ ಕೊಟ್ಟವ್ರು ಅವ್ರಲ್ಲೇನವಾ. ಸ್ಟುಡಿಯೋಕ ಹೋಗಿ ಬರೋ ಗಾಡಿ ಖರ್ಚು ಸೈತ ಅವ್ರದ. ಅವ್ರಿಲ್ಲಂದ್ರ ಪದ ಇಲ್ಲೇ ಓಣ್ಯಾಗ ಉಳಿತಿತ್ತು.”

“ಆದ್ರೂ ಹಾಡಿದವ್ರು ನೀವು.”

“ಕಡೀ ನುಡ್ಯಾಗ ನಮ್ಮೂರು, ನಮ್ಮ ಗುರು, ಕವಿ ಎಲ್ಲಾರ ಹೆಸರು ಬರ್ತೈತಿ. ಕೇಳಿದವ್ರಿಗೆ ಗೊತ್ತಾಗ್ತೈತಿ ಬಿಡು.”

ಸ್ವಲ್ಪವೂ ಬೇಸರ ಇರಲಿಲ್ಲ ಅವರಿಗೆ. ಹೋಗುವಾಗ ತಿರುಗಿ ಹೇಳಿದರು: ಹಬ್ಬ ಆದ ಮೇಲೆ ಎರಡನೇ ಭಾಗ ಬರೋದೈತಿ, ಅದರ ಪೋಸ್ಟರ್ ನೀನ ಮಾಡಬೇಕು.

ಖುಷಿ. ಜೊತೆಗೆ ಹೆದರಿಕೆ.

ಜೂನ್ 18, ಬುಧವಾರ

ಇದೇ ಪೋಸ್ಟರನ್ನು ಅಡ್ಡಡ್ಡ ಕತ್ತರಿಸಿ ಯೂಟ್ಯೂಬಿಗೆ ಹಾಕಿದ್ದಾರೆ. 1280 ಅಗಲ, 720 ಎತ್ತರ. ಫೋನಿನಲ್ಲಿ ಎರಡು ಇಂಚು ಬಂದರೆ ಹೆಚ್ಚು. ಹನ್ನೊಂದು ಮುಖ ಚುಕ್ಕೆಗಳಾಗಿವೆ. ಕೆಳಗೆ ಬಲಮೂಲೆಯಲ್ಲಿ ಹಾಡಿನ ಅವಧಿ ಕಪ್ಪು ಪಟ್ಟಿಯಲ್ಲಿ ಬರುತ್ತದಲ್ಲ, ಅದು ಸರಿಯಾಗಿ ಕಾಕಾನ ಫೋಟೊದ ಮೇಲೆ ಕೂತಿದೆ. ಈಗ ಅವರು ಪೂರ್ತಿ ಇಲ್ಲ.

ದನಿ ಮಾತ್ರ ಇದೆ. ಕಿವಿಗೆ ಇಟ್ಟುಕೊಂಡು ಕೇಳಿದೆ. ಕರ್ಬಲಾದಲ್ಲಿ ಸತ್ತ ಕಾಸಿಂನ ಪ್ರಸಂಗಕ್ಕೆ ಬಂದಾಗ ಕಾಕಾನ ದನಿ ಒಡೆಯುತ್ತದೆ, ಹಿಂದಿನವರು ಅದನ್ನು ಹಿಡಿದು ಎತ್ತುತ್ತಾರೆ. ಆ ಜಾಗ ಎರಡು ಸಲ ಕೇಳಿದೆ.

ಜೂನ್ 20, ಶುಕ್ರವಾರ, ಸಂಜೆ

ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಕೂತು ಪೋಸ್ಟರ್ ನೋಡುವವರನ್ನು ನೋಡಿದೆ. ಲಿಂಗಸುಗೂರು ಬಸ್ಸಿನವರು, ಮಸ್ಕಿಗೆ ಹೋಗುವವರು, ತಾವರಗೇರಾದ ಕಡೆಯವರು.

ಹೆಸರು ಯಾರೂ ಓದಲಿಲ್ಲ. ಹುಡುಗರು ಮುಖ ಹುಡುಕಿದರು: ಇವ ನಮ್ಮ ಸೋದರಮಾವ, ಇವ ಗ್ಯಾರೇಜಿನವ. ಬೆರಳಿಟ್ಟು ಒಂದೊಂದೇ ಗುರುತಿಸಿದರು. ಹತ್ತು ನಿಮಿಷ ನಿಂತಿದ್ದರು. ಹತ್ತು ನಿಮಿಷ ನಿಲ್ಲಿಸುವ ಪೋಸ್ಟರ್ ನಾನು ಇವತ್ತಿನವರೆಗೆ ಮಾಡಿಲ್ಲ. ಒಬ್ಬ ಕ್ಯೂಆರ್ ಕೋಡಿಗೆ ಫೋನ್ ಹಿಡಿದ. ಪದ ಶುರುವಾಯಿತು. ನಾಲ್ಕು ಜನ ಕೂಡಿದರು.

ಆಮೇಲೆ ಒಬ್ಬ ಅಜ್ಜಿ. ಚೀಲ ಕೆಳಗಿಟ್ಟು ಕಾಗದದ ಪಂಜಾ ಮುಟ್ಟಿದಳು, ಕೈ ಕಣ್ಣಿಗೆ ಒತ್ತಿಕೊಂಡಳು, ಬಸ್ ಹತ್ತಿದಳು.

ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಐದು ಬೆರಳು: ಪೈಗಂಬರರು, ಅಲಿ, ಫಾತಿಮಾ, ಹಸನ್, ಹುಸೇನ್. ನನಗೆ ಅದು ನಡುವಿನ ಆಕಾರ, ಕಣ್ಣು ಸೆಳೆಯುವ ಬಿಂದು. ಅವಳಿಗೆ ಹುಸೇನಿ ಆಲಂ, ಹಬ್ಬದಲ್ಲಿ ಹೊರಗೆ ಬರುವ ಪಂಜಾವೇ. ಹಾಗಾದರೆ ಜಾಹೀರಾತಿನಲ್ಲಿ ಪಂಜಾ ಇರಬಹುದೇ? ಮಳೆಗೆ ಹರಿದು ಚರಂಡಿಗೆ ಬೀಳುವ ಕಾಗದ ಅದು. ಮೇಕೆ ತಿನ್ನುತ್ತದೆ. ಆದರೆ ಪಂಜಾ ಇಲ್ಲದೆ ಮೊಹರಂ ಪದ ಅಂತ ದೂರದಿಂದ ಹೇಗೆ ತಿಳಿಯಬೇಕು?

ಗೊತ್ತಿಲ್ಲ. ಪಕ್ಕದ ಮನೆಯ ಖಾಲಾನ ಕೇಳಬೇಕು.

ಜೂನ್ 21, ಶನಿವಾರ

ಖಾಲಾ ಹೇಳಿದ್ದು: “ಹಾಕು ಬೇಟಿ. ಆದ್ರ ಮ್ಯಾಲ ಹಾಕು. ಕಾಲಿನ ಹತ್ರ ಬ್ಯಾಡ. ಅದರ ಮ್ಯಾಲ ಯಾರ ಮಾರೀನೂ ಬರಬಾರ್ದು.”

ಯಾವ ಪುಸ್ತಕದಲ್ಲೂ ನನಗೆ ಇಷ್ಟು ಸ್ಪಷ್ಟವಾದ ಸೂಚನೆ ಸಿಕ್ಕಿಲ್ಲ.

ಜೂನ್ 22, ಭಾನುವಾರ

ಕೋಟೆಗೆ ಹೋಗಿದ್ದೆ, ಒಬ್ಬಳೇ. ಕಂದಕದಲ್ಲಿ ನೀರು ಸ್ವಲ್ಪ ಇದೆ. ಕಲ್ಲಿನ ಅಕ್ಷರ ನೋಡಲೆಂದೇ ಹೋದದ್ದು. ಕನ್ನಡದ್ದೂ ಇವೆ, ಫಾರಸಿಯವೂ ಇವೆ. ಶತಮಾನಗಳ ಬಿಸಿಲು ಮಳೆ ತಿಂದೂ ಓದಬಹುದು. ಅಂಚಿಲ್ಲ, ನೆರಳಿಲ್ಲ. ಅಕ್ಷರ, ಅದರ ಸುತ್ತ ಖಾಲಿ ಕಲ್ಲು, ಅಷ್ಟೇ.

ಈ ಊರು ವಿಜಾಪುರದ ಆದಿಲ್‌ಶಾಹಿಯಲ್ಲಿತ್ತು. ಎರಡನೇ ಇಬ್ರಾಹಿಂ ಆದಿಲ್ ಶಾಹ, 1580ರಿಂದ 1627ರವರೆಗೆ ಆಳಿದವನು, ಹಾಡುಗಳ ಪುಸ್ತಕವನ್ನೇ ಬರೆದ. ‘ಕಿತಾಬೆ ನವರಸ್’, ದಖ್ಖನಿ ಭಾಷೆಯದು. ಅದರಲ್ಲಿ ಸರಸ್ವತಿಯೂ ಇದ್ದಾಳೆ, ಕಲಬುರಗಿಯ ಬಂದೇ ನವಾಜರೂ ಇದ್ದಾರೆ. ಆ ಪುಸ್ತಕವನ್ನು ಚಂದದ ಅಕ್ಷರದಲ್ಲಿ ಬರೆದುಕೊಟ್ಟವನು ಖಲೀಲುಲ್ಲಾ. ದೊರೆ ಅವನಿಗೆ ಲೇಖನಿಯ ಬಾದಶಹ ಅಂತ ಬಿರುದು ಕೊಟ್ಟು ತನ್ನ ಸಿಂಹಾಸನದ ಮೇಲೆ ಕೂರಿಸಿದನೆಂದು ಹೇಳುತ್ತಾರೆ. ಹಾಡಿಗೆ ಅಕ್ಷರ ಬರೆದವನಿಗೆ ಆ ಮರ್ಯಾದೆ ಸಿಕ್ಕದ್ದು ನಮ್ಮದೇ ಸೀಮೆಯಲ್ಲಿ.

ಕಲಬುರಗಿಯ ಎಸ್.ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರ್ ಬರೆದರು, ಮನೆಮನೆಯ ಕ್ಯಾಲೆಂಡರಿಗೆ ದೇವರ ಚಿತ್ರ ಬರೆದರು. ಪೋಸ್ಟರ್ ಸಣ್ಣ ಕೆಲಸ ಅಂತ ನನಗೆ ಯಾವತ್ತೂ ಅನಿಸಿಲ್ಲ. ಮನೆಯವರಿಗೆ ಅನಿಸುತ್ತದೆ.

ಜೂನ್ 24, ಮಂಗಳವಾರ

ಮೊದಲ ಕರಡು. ಬಣ್ಣ ಎರಡೇ: ಹಸಿರು, ಕೆಂಪು. ವಿಷದಿಂದ ಸತ್ತ ಹಸನರಿಗೆ ಹಸಿರು, ರಕ್ತ ಚೆಲ್ಲಿದ ಹುಸೇನರಿಗೆ ಕೆಂಪು ಅಂತ ಹಿರಿಯರು ಹೇಳುತ್ತಾರೆ. ಉಳಿದದ್ದು ಕಾಗದದ ಬಿಳಿ.

ಕಂಪ್ಯೂಟರಿನ ಫಾಂಟ್ ಬೇಡ ಅನಿಸಿತು. ಗೋಡೆ ಬರೆಯುತ್ತಿದ್ದ ಹಳೆಯ ಪೇಂಟರ್ ಮಾವನ ಮನೆಗೆ ಹೋದೆ. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಇಲ್ಲ. ಬ್ರಷ್ ಮಾತ್ರ ಎಣ್ಣೆ ಹಚ್ಚಿ ಇಟ್ಟುಕೊಂಡಿದ್ದಾರೆ. ‘ಹುತಾತ್ಮ’ ಬರೆದು ತೋರಿಸಿದರು.

“ಮೊದ್ಲು ಒತ್ತಿಗೆ ಜಾಗ ಹಿಡಿ. ಆಮ್ಯಾಲ ಅಕ್ಷರಕ್ಕ ಎತ್ತರ ಕೊಡು. ನೀವೆಲ್ಲ ಅಕ್ಷರ ದೊಡ್ಡದು ಮಾಡಿ ಒತ್ತನ್ನ ಎಲ್ಲ್ಯರ ತುರುಕ್ತೀರಿ.”

ಅವರ ‘ಕರ್ಬಲಾ’ದಲ್ಲಿ ಅರ್ಕಾವತ್ತು ಬೇರೆಯೇ ನಿಂತಿದೆ, ಗಾಳಿಯಾಡುತ್ತದೆ. ಅವರಿಗೆ ಕೂಲಿ ಕೊಡಿಸಬೇಕು. ಹೆಸರೂ ಹಾಕಬೇಕು.

ಜೂನ್ 26, ಗುರುವಾರ

ಚಂದ್ರ ಕಂಡಿತು. ನಾಳೆಯಿಂದ ಮೊಹರಂ.

ಜೂನ್ 27, ಶುಕ್ರವಾರ

ಮೊಹರಂನ ಬೆಂಕಿ ಕುಣಿಗೆ ಗುದ್ದಲಿ ಹಾಕಿದರು. ಮಳೆ. ಬಸ್ ಸ್ಟ್ಯಾಂಡಿನ ಪೋಸ್ಟರಿನ ಮೇಲೆ ಇನ್ನೊಂದು ಪೋಸ್ಟರ್ ಬಿದ್ದಿದೆ, ಬಟ್ಟೆ ಅಂಗಡಿಯದು. ಅದೂ ಹಳದಿ-ಕೆಂಪು.

ಜೂನ್ 30, ಸೋಮವಾರ

ಕರಡು ಮೇಳದ ಹುಡುಗನಿಗೆ ತೋರಿಸಿದೆ. ಯೂಟ್ಯೂಬ್ ನೋಡಿಕೊಳ್ಳುವವನು ಅವನೇ.

“ಅಕ್ಕಾ, ಇದು ಬಾಳ ಸಪ್ಪಗ ಐತಿ. ಯಾರ ಸತ್ತಾರ ಅಂತ ಕೇಳ್ತಾರ.”

“ಸತ್ತವರ ಪದಾನ ಅಲ್ಲೇನೋ ಅದು?”

“ಹೌದ್ರಿ. ಆದ್ರ ನಮ್ಮೂರಾಗ ಮೊಹರಂ ಅಂದ್ರ ಹುಲಿವೇಷ, ಚೊಂಗೆ, ಹೆಜ್ಜಿಕುಣಿತ. ಬೆಂಗಳೂರಿಗೆ ದುಡಿಯಾಕ ಹೋದಾವ್ರು ಸೈತ ಓಡಿ ಬರ್ತಾರ. ಅದೆಲ್ಲೈತಿ ಇದರಾಗ?”

ಅವನ ಮಾತು ತಳ್ಳಿಹಾಕಲು ಆಗಲಿಲ್ಲ. ಇಡೀ ದಿನ ತಲೆಯಲ್ಲಿದೆ. ಇಲ್ಲಿ ದುಃಖದ ಪಕ್ಕದಲ್ಲೇ ಸಂಭ್ರಮ ಕೂತಿದೆ. ಹರಕೆ ಹೊತ್ತ ಹುಡುಗನಿಗೆ ಹುಲಿಯ ಬಣ್ಣ ಬಳಿಯುತ್ತಾರೆ, ಅದೇ ಹೊತ್ತಿಗೆ ಒಳಗೆ ಹೆಂಗಸರು ಅಳುತ್ತಾರೆ. ಆ ಹಳದಿ-ಕೆಂಪು ಪೋಸ್ಟರಿನಲ್ಲಿ ಸಂಭ್ರಮ ಇತ್ತು, ದುಃಖ ಇರಲಿಲ್ಲ. ನನ್ನದರಲ್ಲಿ ದುಃಖ ಇದೆ, ಜಾತ್ರೆ ಇಲ್ಲ. ಎರಡು ಬಣ್ಣದಲ್ಲಿ ಎರಡನ್ನೂ ಹಿಡಿಯುವುದು ಸಾಧ್ಯವೇ? ಕಲಬುರಗಿಯಲ್ಲಿ ಕಲಿತ ಕಣ್ಣು ಖಾಲಿ ಜಾಗವನ್ನು ಬಹಳ ಇಷ್ಟಪಡುತ್ತದೆ. ಈ ಊರಿನ ಕಣ್ಣಿಗೆ ಖಾಲಿ ಜಾಗ ಅಂದರೆ ಯಾರದೋ ಹೆಸರು ಬಿಟ್ಟುಹೋಗಿದೆ ಅಂತ ಅರ್ಥ.

ಪಿಂಕ್ ಫ್ಲಾಯ್ಡ್ ತಂಡ 1973ರಲ್ಲಿ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಹೊದಿಕೆಯ ಮುಂಭಾಗದಲ್ಲಿ ತಮ್ಮ ಹೆಸರನ್ನೂ ಹಾಕಲಿಲ್ಲ, ಆಲ್ಬಂ ಹೆಸರನ್ನೂ ಹಾಕಲಿಲ್ಲ. ಕಪ್ಪಿನ ಮೇಲೆ ಪಟ್ಟಕ, ಅದರಿಂದ ಹೊರಡುವ ಬಣ್ಣಗಳು. ತರಗತಿಯಲ್ಲಿ ನೋಡಿ ಬೆರಗಾಗಿದ್ದೆ. ಲೋಕಕ್ಕೆಲ್ಲ ಗೊತ್ತಾದವರಿಗೆ ಅದು ಒಪ್ಪುತ್ತದೆ. ಆದರೆ ಇಲ್ಲಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಮೇಳಗಳಿವೆ. ಪಂಜಾ ಎಲ್ಲರದೂ. ಹೆಸರು ಹಾಕದಿದ್ದರೆ ಕಾಕಾ ಯಾರು ಅಂತ ಸಿಂಧನೂರಿನವರಿಗೆ ಹೇಗೆ ಗೊತ್ತಾಗಬೇಕು?

ಜುಲೈ 2, ಬುಧವಾರ, ನಸುಕು

ನಿದ್ದೆ ಬರಲಿಲ್ಲ. ಪದ ಮತ್ತೆ ಕೇಳಿದೆ, ಈ ಸಲ ಅರ್ಥ ಬಿಟ್ಟು ಬರೀ ಅದರ ಕಟ್ಟು. ಮೊದಲು ಸ್ತುತಿ. ಆಮೇಲೆ ಕಥೆ, ನುಡಿಯಿಂದ ನುಡಿಗೆ. ಪ್ರತಿ ನುಡಿ ಆದ ಮೇಲೆ ಹಿಂದಿನವರ ಪಲ್ಲವಿ. ಕಟ್ಟಕಡೆಗೆ ಊರು, ಗುರು, ಕವಿ. ಕಾಕಾ ಅವತ್ತೇ ಹೇಳಿದ್ದರು.

ಪೋಸ್ಟರಿಗೂ ಇದೇ ಕಟ್ಟು ಸಾಕು. ಮೇಲೆ ಪಂಜಾ, ಖಾಲಾ ಹೇಳಿದ ಹಾಗೆ, ಅದರ ಮೇಲೆ ಏನೂ ಇಲ್ಲ. ನಡುವೆ ಕಥೆ. ಕೆಳಗೆ ಕಡೆಯ ನುಡಿ: ಊರಿನ ಹೆಸರು, ಗುರುವಿನ ಹೆಸರು, ಕವಿಯ ಹೆಸರು, ಹಾಡಿದ ನಾಲ್ವರು, ಹಲಗಿಯವನು, ತಾಳದವನು, ಅಕ್ಷರ ಬರೆದವರು. ಎಲ್ಲ ಒಂದೇ ಅಳತೆ. ರೊಕ್ಕ ಕೊಟ್ಟವರದೂ ಅದೇ ಅಳತೆ. ಅವರನ್ನು ಬಿಡಬಾರದು, ಕಾಕಾ ಹೇಳಿದ್ದು ನಿಜ.

ನಡುವೆ ಏನು ಹಾಕಬೇಕು ಅನ್ನುವುದು ಇನ್ನೂ ಹೊಳೆದಿಲ್ಲ.

ಜುಲೈ 5, ಶನಿವಾರ. ಕತಲ್ ರಾತ್

ಮನೆಗೆ ಬಂದಾಗ ಬೆಳಗಿನ ಜಾವ. ಬರೆಯಲು ಕೈ ಏಳುತ್ತಿಲ್ಲ, ಆದರೂ ಬರೆದಿಡಬೇಕು.

ಹುಸೇನಿ ಆಲಂ ಹೊರಗೆ ಬಂದಾಗ ನಾನು ಬಹಳ ಹಿಂದೆ ಇದ್ದೆ. ತೆಲಂಗಾಣ, ಆಂಧ್ರ, ಮಹಾರಾಷ್ಟ್ರದಿಂದ ಬಂದವರೆಲ್ಲ ಮುಂದೆ. ನನಗೆ ಕಂಡದ್ದು ಇಷ್ಟು: ಎತ್ತರದಲ್ಲಿ ಚಿಕ್ಕದಾಗಿ ಹೊಳೆಯುವ ಪಂಜಾ. ಕೆಳಗೆ ತಲೆಗಳು. ಟೋಪಿ, ರುಮಾಲು, ಸೆರಗು, ಬರಿದಲೆ. ಬೆನ್ನು ಮಾತ್ರ, ಮುಖ ಯಾವುದೂ ಕಾಣದು. ಎಲ್ಲರೂ ಅತ್ತ ನೋಡುವವರೇ. ರೊಕ್ಕದವರು ಯಾರು, ಕೂಲಿಯವರು ಯಾರು, ಹಿಂದಿನಿಂದ ತಿಳಿಯುವುದಿಲ್ಲ. ನಡುವೆ ಹುಲಿವೇಷದ ಒಬ್ಬ ಹುಡುಗ, ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಹಳದಿ ಬಣ್ಣ ಅಪ್ಪನ ಅಂಗಿಗೆ ಹತ್ತಿತ್ತು.

ನಡುವೆ ಇದನ್ನೇ ಹಾಕುತ್ತೇನೆ. ಕೇಳುವವರು.

ಜುಲೈ 7, ಸೋಮವಾರ

ನಿನ್ನೆ ಆಲಂಗಳ ದಫನ್ ಆಯಿತು. ಊರು ಖಾಲಿ. ಕುಣಿಗೆ ಮಣ್ಣು ಬಿದ್ದಿದೆ. ಅಂಗಡಿ ತೆಗೆದೆ, ಜೆರಾಕ್ಸಿಗೆ ಇಬ್ಬರು ಬಂದರು.

ಸಂಜೆ ಬರೆಯಲು ಕೂತೆ. ತಲೆಗಳನ್ನು ಕೆಂಪಿನಲ್ಲಿ ತುಂಬಿದೆ, ಹಿಂದಿನವು ಹಸಿರಿಗೆ ಹೋಗುತ್ತವೆ. ಹುಲಿಯ ಪಟ್ಟೆಗೆ ಕಾಗದದ ಬಿಳಿಯನ್ನೇ ಬಿಟ್ಟೆ. ಫೋನಿನ ಅಳತೆಗೆ ಬೇರೆಯದೇ ಮಾಡಿದೆ: ಪಂಜಾ, ಒಂದು ಸಾಲು ತಲೆ, ‘ಕರ್ಬಲಾ’, ಎಡಗಡೆ ಕಾಕಾನ ಹೆಸರು. ಬಲಮೂಲೆ ಖಾಲಿ, ಅವಧಿಯ ಪಟ್ಟಿಗೆ.

ಚೆನ್ನಾಗಿದೆ ಅನಿಸುತ್ತಿದೆ. ನಾಳೆ ಬೆಳಿಗ್ಗೆ ಹೇಗೆ ಕಾಣುತ್ತದೋ.

ಜುಲೈ 10, ಗುರುವಾರ

ಕಾಕಾನ ಮನೆಯಲ್ಲಿ ಎಲ್ಲರೂ ಕೂಡಿದ್ದರು. ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಪೋಸ್ಟರ್ ಗೋಡೆಗೆ ಹಚ್ಚಿದೆ. ಕಾಕಾ ಹತ್ತಿರ ಹೋಗಿ ಕೆಳಗಿನ ಹೆಸರುಗಳನ್ನು ಒಂದೊಂದಾಗಿ ಓದಿಸಿಕೊಂಡರು. ಗುರುವಿನ ಹೆಸರು ಬಂದಾಗ ಕೈ ಮುಗಿದರು. ಹಲಗಿಯವನು ತನ್ನ ಹೆಸರಿನ ಫೋಟೊ ತೆಗೆದುಕೊಂಡ. ಯೂಟ್ಯೂಬಿನ ಹುಡುಗನಿಗೆ ಬಣ್ಣ ಇನ್ನೂ ಸಾಲದು, ಆದರೆ ಹುಲಿಮರಿ ಇಷ್ಟವಾಯಿತಂತೆ. ಅವ್ವ ಏನೂ ಅನ್ನಲಿಲ್ಲ. ಬಹಳ ಹೊತ್ತು ನೋಡಿದಳು.

ರೊಕ್ಕ ಕೊಡುವವರಲ್ಲಿ ಇಬ್ಬರು ಬಂದಿದ್ದರು. ಒಬ್ಬರು ಹೆಸರು ಸಾಕು ಅಂದರು. ಇನ್ನೊಬ್ಬರು ಮುಖ ಇಲ್ಲದ ಪೋಸ್ಟರಿಗೆ ತಾವೇಕೆ ರೊಕ್ಕ ಕೊಡಬೇಕು ಅಂತ ಕೇಳಿದರು. ದನಿ ಏರಿಸಿ ಕೇಳಲಿಲ್ಲ, ನಿಜವಾಗಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಕಾ ಅವರಿಗೆ ಚಹಾ ಕೊಟ್ಟು ಕಡೆಯ ನುಡಿ ಹಾಡಿ ತೋರಿಸಿದರು. ಕೇಳಿದರು, ವಿಚಾರ ಮಾಡಿ ಹೇಳುತ್ತೇನೆ ಅಂತ ಎದ್ದು ಹೋದರು.

ಅಳತೆ 12×18 ಇಂಚು, ಎರಡು ಬಣ್ಣ, ಸ್ಕ್ರೀನ್ ಪ್ರಿಂಟ್, ಮುನ್ನೂರು ಪ್ರತಿ. ಅಕ್ಷರ ಬರೆದ ಪೇಂಟರ್ ಮಾವನ ಕೂಲಿ ಇವತ್ತೇ ಕೊಡಿಸಿದೆ. ಮುಖ ಇಲ್ಲವೆಂದು ಕೇಳಿದವರು ಶನಿವಾರ ಉತ್ತರ ಹೇಳುತ್ತಾರೆ. ಹೂಂ ಅಂದರೆ ಸೋಮವಾರ ಅಚ್ಚಿಗೆ ಹೋಗುತ್ತದೆ.